ಬಾಲ ಬಾಗಿದ ಏಳು

ಪುಣೆಯಿಂದ ಬಂದಿದ್ದ. ಬಿಳಿ ಕೈಗವಸು ತೊಟ್ಟು
ಮಖಮಲ್ಲಿನ ಚೀಲದಿಂದ ಮೊಟ್ಟೆಯ ಹಾಗೆ ಎತ್ತಿಟ್ಟ
ನನ್ನ ಮೇಜಿನ ಮೇಲೆ.

ಕಂಪನಿಯ ಹೆಸರು ಹೇಳಲಾರೆ.
ದುರ್ಗಿಗುಡಿಯ ಗೋಡೆಗೆ ಕಿವಿ, ಕಿವಿಗೊಬ್ಬ ಕಳ್ಳ.
ಜಿನೀವಾದ ದೊಡ್ಡ ಮನೆತನ ಅಂದರೆ ಸಾಕು,
ಐವತ್ತೆಂಟನೇ ಇಸವಿ, ಚಿನ್ನದ ಮೈ.

"ಮೇಡಂ, ಏಳು ನೋಡಿ" ಅಂದ.
"ಬಾಲ ಎಡಕ್ಕೆ, ಕೂದಲೆಳೆಯಷ್ಟು, ಬಾಗಿದೆ.
ಇಡೀ ಜಗತ್ತಿನಲ್ಲಿ ಇಂಥವು ಸಿಕ್ಕಿದ್ದು ಒಂಬತ್ತು.
ಹರಾಜಿನವರು ಇದಕ್ಕೆ ಹಂಸ ಅನ್ನುತ್ತಾರೆ."

ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೆ.

ನೋಡುವುದಕ್ಕೊಂದು ಕ್ರಮವಿದೆ.
ಮೊದಲು ಹೆಸರು ಓದಬಾರದು, ಹೆಸರು ಕಣ್ಣು ಕಟ್ಟುತ್ತದೆ.
ಕೆಳಗೆ, ಅಂಚಿನ ನೆರಳಲ್ಲಿ,
ಇರುವೆ ಸಾಲಿನಂಥ ಸಣ್ಣ ಅಕ್ಷರ
ಆರರ ಪಾದಕ್ಕೆ ತಾಕದೆ ಇಬ್ಭಾಗವಾಗಿದೆಯೇ?
ಅಚ್ಚಿನ ಮಸಿಗೆ ದಂಡೆಯಿರುತ್ತದೆ,
ಕುಂಚದ ಮಸಿಗೆ ಬರೀ ಇಳಿಜಾರು.
ಮುಳ್ಳಿನ ರೇಡಿಯಂ ಎಷ್ಟು ಮುದಿಯೋ
ಅಂಕಿಯ ಬದಿಯ ಚುಕ್ಕಿಯೂ ಅಷ್ಟೇ ಮುದಿಯಿರಬೇಕು;
ಅವಳಿಗಳಲ್ಲಿ ಒಬ್ಬ ನರೆತು ಇನ್ನೊಬ್ಬ ನರೆಯದಿದ್ದರೆ
ಎಲ್ಲೋ ಸಂಬಂಧ ಸುಳ್ಳು.
ಡಯಲ್ಲು ಕಂದಿದ್ದರೆ, ಬಿಸಿಲು ಕಂದಿಸಿದ್ದೋ
ಯಾರೋ ಚಹದಲ್ಲಿ ಅದ್ದಿದ್ದೋ,
ಅದನ್ನು ಮೂಗು ಹೇಳುತ್ತದೆ.

ಇಷ್ಟೆಲ್ಲ ಕಲಿಸಿದ್ದು ದಸ್ತಗೀರ್ ಸಾಬರು.
ಅಂಗಡಿ ಗುಡಿಸಲು ಬಂದ ನನ್ನ ಬೆರಳು ನೋಡಿ
"ಪಾರಿಜಾತಮ್ಮ, ಪೊರಕೆ ಇಡು, ಚಿಮಟ ಹಿಡಿ" ಅಂದವರು.

ಆಗುಂಬೆ ಕಡೆಯ ವಾಚು ಬಂದರೆ ಗಾಜಿನೊಳಗೇ ಬೂಷ್ಟು.
ಡಯಲ್ಲು ತೊಳೆದು, ಬೆಳ್ಳಗೆ ಬಳಿದು,
ಅಳಿಲಿನ ಬಾಲದ ಮೂರೇ ಕೂದಲಿನ ಕುಂಚದಲ್ಲಿ
ಅಂಕಿ ಬರೆಯುತ್ತಿದ್ದರು ಸಾಬರು.
ಯಾರ ಕಣ್ಣಿಗೂ ಮಣ್ಣೆರಚಲು ಅಲ್ಲ,
ಗಂಟೆ ಎಷ್ಟೆಂದು ಕಾಣಬೇಕಲ್ಲ, ಅಷ್ಟಕ್ಕೆ.
ಅಲಾರಂ ಗಡಿಯಾರಕ್ಕೂ ಜಿನೀವಾಕ್ಕೂ ಒಂದೇ ಕೂಲಿ,
ಹದಿನೆಂಟು ರೂಪಾಯಿ.

ಮಧ್ಯಾಹ್ನದ ನಮಾಜು ಮುಗಿಸಿ ಬಂದು ಹನ್ನೆರಡು ಬರೆದರೆ
ಒಂದು, ಎರಡು, ಒಣಗಲಿ ಎಂದು ಒಂದು ಬೀಡಿ, ಮೂರು...
ಏಳಕ್ಕೆ ಬರುವಾಗ ನಾಲ್ಕೂ ಹತ್ತು.
ನಾಲ್ಕೂ ಹತ್ತಕ್ಕೆ ಭದ್ರಾವತಿಯ ಬಸ್ಸು
ಗೇರು ಕಚ್ಚಿಕೊಂಡು ಮೂಲೆ ತಿರುಗುತ್ತಿತ್ತು.
ಮೇಜಿನ ಒಂದು ಕಾಲು ಗಿಡ್ಡ,
ಕೆಳಗೆ ಮಡಚಿಟ್ಟ ಬೆಂಕಿಪೊಟ್ಟಣ.
ನೆಲ ನಡುಗಿತು. ಮೇಜು ನಡುಗಿತು.
ಏಳರ ಬಾಲ ಎಡಕ್ಕೆ ಹೊರಳಿತು.

"ಚೂರು ಮುಂಚೆ ಕೂತರೆ ಆಗಲ್ವಾ?" ಅಂದಿದ್ದೆ ಒಮ್ಮೆ.
"ಬಸ್ಸು ಟೈಮಿಗೆ ಬಂತಲ್ಲಮ್ಮ,
ವಾಚು ಅದನ್ನೂ ಬರಕೊಳ್ಳಲಿ ಬಿಡು."

ಹಿಂಬದಿಯ ಮುಚ್ಚಳ ಎಬ್ಬಿಸಿದೆ.
ಒಳಮೈಯಲ್ಲಿ ಸೂಜಿಮೊನೆಯಲ್ಲಿ ಗೀರಿದ್ದು
ಉರ್ದುವಿನ ಒಂದು ದಾಲ್, ಪಕ್ಕದಲ್ಲಿ ಎಂಬತ್ತೆರಡು.
ಪುಣೆಯವನ ಪಟ್ಟಿಯಲ್ಲಿ ಅದು ಬರೀ ಗೀರು.

ಹೇಳಿದೆ, ಬಸ್ಸಿನ ಸಮೇತ.

ಕೈಗವಸು ಕಳಚಿದ, ಒಂದೊಂದೇ ಬೆರಳು.
"ಹಾಗಾದರೆ ನಕಲಿ."
"ಅಲ್ಲ. ಎದೆ ಅಲ್ಲಿಯದು, ಮುಖ ಇಲ್ಲಿಯದು."
"ಅಪರೂಪದ್ದಾದರೂ ಹೌದೋ?"

ಮನಸ್ಸಿನಲ್ಲೇ ಎಣಿಸಿದೆ. ಬಾಲ ಬಾಗಿದವು ನಲವತ್ತಾದರೂ ಇದ್ದಾವು.
ಅದೇ ಬಸ್ಸಿನಲ್ಲಿ ಬರುತ್ತಿದ್ದ ಕಾರ್ಖಾನೆಯ ಫೋರ್ಮನ್ನು,
ತೀರ್ಥಹಳ್ಳಿಯ ಮುನ್ಸೀಫರು,
ಹೊಸನಗರದ ಸೂಲಗಿತ್ತಿ ಒಬ್ಬಳು, ಯಾರು ಕೊಟ್ಟಿದ್ದೋ,
ನೋವಿನ ನಡುವಿನ ನಿಮಿಷ ಎಣಿಸಲು ಕಟ್ಟುತ್ತಿದ್ದಳು.

ಅಪರೂಪದ್ದು ಬೇರೆ ಇದೆ, ಅಂದೆ.
ತುಂಗೆ ಉಕ್ಕಿ ಸೇತುವೆ ಮುಚ್ಚಿದ ಎರಡು ದಿನ,
ಮುಷ್ಕರದ ನಾಲ್ಕು ದಿನ
ಬಸ್ಸು ಬರಲಿಲ್ಲ.
ಆ ದಿನಗಳ ಏಳು ನೆಟ್ಟಗಿದೆ.
ಯಾರ ಕೈಯಲ್ಲಿದೆಯೋ. ಜಿನೀವಾದವರೂ ಗುರುತಿಸಲಾರರು.
ನಾನೂ.

ಅವನು ತುಂಬ ಹೊತ್ತು ಕೂತಿದ್ದ.
ಆಮೇಲೆ ಬರಿಗೈಯಲ್ಲೇ ಕೀಲಿ ಕೊಟ್ಟ, ಕಿವಿಗಿಟ್ಟುಕೊಂಡ,
ಕಟ್ಟಿಕೊಂಡು ಹೋದ, ಕೂಲಿ ಮುನ್ನೂರು ಕೊಟ್ಟು.

ಚೀಲ ಮರೆತಿದ್ದಾನೆ.
ಒಳ್ಳೆಯ ಮಖಮಲ್ಲು. ಚಿಮಟ ಇಡಲು ಆಗುತ್ತದೆ.